ಎಣ್ಣೆ ನಮ್ಮದು, ಹೆಸರೂ ನಮ್ಮದೇ

ನನ್ನ ಪವರ್‌ಪಾಯಿಂಟ್‌ನಲ್ಲಿ ಇಪ್ಪತ್ತೆರಡು ಸ್ಲೈಡ್‌ಗಳಿದ್ದವು. ಮೂರನೆಯದಕ್ಕೇ ರುಕ್ಮಿಣಿ ಕೈ ಎತ್ತಿದರು.

ದೊಡ್ಡ ಸಭೆಯೇನಲ್ಲ. ದುಬೈಯ ಅಲ್ ನಹ್ದಾ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲ್. ಸ್ಲೈಡ್ ತೋರಿಸಲು ಮನೆಯ ಟೀವಿ. ಕೇಳುವವರು ರುಕ್ಮಿಣಿ ಒಬ್ಬರೇ. ಸೋಫಾದ ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದ ನನ್ನ ಮಗಳು ಲೆಕ್ಕಕ್ಕಿಲ್ಲ.

"ಮೇಡಂ, ಈ 'ಹೊಸ ಮಾರುಕಟ್ಟೆಗೆ ಹೆದರದೆ ಹೋಗುವುದು ಹೇಗೆ' ಅಂತ ಬರ್ದಿದ್ದೀರಲ್ಲ, ಇದು ಯಾರಿಗೆ?"

"ನಿಮಗೇ."

ಅವರು ಸ್ವಲ್ಪ ಸಂಕೋಚದಿಂದಲೇ ಹೇಳಿದರು. "ನಾನು ಗ್ಯಾಬೋನ್‌ಗೆ ಹೋಗಿದ್ದೀನಿ ಮೇಡಂ. ಸೆನೆಗಲ್‌ಗೆ ಎರಡು ಸಲ. ಸಿಂಗಾಪುರಕ್ಕೂ ಹೋಗಿದ್ದೆ. ಮೊದಮೊದಲು ಭಾಷೆ ಬರ್ತಿರ್ಲಿಲ್ಲ, ಕೈಸನ್ನೇಲಿ ಮಾರ್ದೆ. ಆಮೇಲೆ ಭಾಷೆನೂ ಬಂತು."

ಬಂದ ಭಾಷೆ ಯಾವುದು ಎಂದು ಕೇಳಿದೆ. ಅವರು ಪಟಪಟನೆ ಫ್ರೆಂಚ್ ಮಾತಾಡಿದರು. ಗಿರಾಕಿಯನ್ನು ಕೂರಿಸಿ, ಕ್ಷೇಮ ವಿಚಾರಿಸಿ, ಬೆಲೆ ಹೇಳುವವರೆಗಿನ ಪೂರ್ತಿ ಮಾತು. ಮಗಳು ಫೋನಿನಿಂದ ತಲೆ ಎತ್ತಿದಳು. ಶಾಲೆಯಲ್ಲಿ ಅವಳಿಗೆ ನಾಲ್ಕು ವರ್ಷದಿಂದ ಫ್ರೆಂಚ್ ಇದೆ.

"ಅಮ್ಮಾ, ಷಿ ಈಸ್ ಬೆಟರ್ ದ್ಯಾನ್ ಮೈ ಟೀಚರ್," ಎಂದಳು.

ನಾನು ಟೀವಿ ಆಫ್ ಮಾಡಿದೆ. ಇನ್ನೇನು ಮಾಡಲಿ?

ಯಾರು ಈ ರುಕ್ಮಿಣಿ? ಹುಣಸೂರಿನ ಹತ್ತಿರದ ಹಕ್ಕಿಪಿಕ್ಕಿ ಕಾಲೊನಿಯವರು. ವಯಸ್ಸು ನಲವತ್ತರ ಆಚೀಚೆ. ಅವರ ತಾತ ಕಾಡಿನಲ್ಲಿ ಹಕ್ಕಿ ಹಿಡಿದು ಬದುಕಿದವರು. ಬೇಟೆಗೆ ಕಾನೂನು ಅಡ್ಡ ಬಂತು, ಕಾಡಿನ ಬಾಗಿಲು ಮುಚ್ಚಿತು. ಅವರಮ್ಮ ಊರೂರು ತಿರುಗಿ ಪಿನ್ನು, ಸೂಜಿ, ಮಣಿಸರ ಮಾರಿದರು. ರುಕ್ಮಿಣಿಯ ಕಾಲಕ್ಕೆ ಕಾಲೊನಿಯ ಹೆಂಗಸರು ಸಂಘ ಕಟ್ಟಿಕೊಂಡು ತಲೆಗೆ ಹಚ್ಚುವ ಎಣ್ಣೆ ಕಾಯಿಸತೊಡಗಿದರು. ಕಾಯಿಸಿದ್ದನ್ನು ಬ್ಯಾಗಿಗೆ ತುಂಬಿಕೊಂಡು ವಿಮಾನ ಹತ್ತಿದರು. ಯಾರೂ ಅವರಿಗೆ ಸೆಮಿನಾರ್ ಮಾಡಿರಲಿಲ್ಲ. ಯಾರೂ ಸ್ಲೈಡ್ ತೋರಿಸಿರಲಿಲ್ಲ.

ನಾನು ಮೈಸೂರಿನವಳು. ಚಿಕ್ಕವಳಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಮಣಿಸರ ಮಾರುವ ಹೆಂಗಸರನ್ನು ಕಂಡರೆ ನಮ್ಮಮ್ಮ ನನ್ನ ಕೈ ಎಳೆದುಕೊಂಡು ಆಚೆ ಬದಿಗೆ ಹೋಗುತ್ತಿದ್ದರು. ಯಾಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. (ಆ ಹೆಂಗಸರಲ್ಲಿ ಒಬ್ಬರು ರುಕ್ಮಿಣಿಯ ತಾಯಿಯೇ ಆಗಿದ್ದಿರಬಹುದು. ಈ ಯೋಚನೆ ನನಗೆ ಬಂದದ್ದು ರುಕ್ಮಿಣಿ ನಮ್ಮ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಾಗ. ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ.)

ಅವರು ಇಲ್ಲಿಗೆ ಬಂದದ್ದು ನಮ್ಮ ಕನ್ನಡ ಬಳಗದ ಆಹ್ವಾನದ ಮೇಲೆ. ಈ ಸಲದ ವಾರ್ಷಿಕೋತ್ಸವದಲ್ಲಿ ಬರೀ ಹಾಡು, ಡಾನ್ಸು, ಬಿಸಿಬೇಳೆಬಾತು ಸಾಲದು, ಊರಿನ ಬುಡಕಟ್ಟು ಉದ್ಯಮಿಯೊಬ್ಬರಿಗೆ ಸ್ಟಾಲ್ ಕೊಟ್ಟು ಬೆಂಬಲಿಸೋಣ ಎಂದು ಕಮಿಟಿ ತೀರ್ಮಾನಿಸಿತು. ಒಳ್ಳೆಯ ತೀರ್ಮಾನವೇ. ನನ್ನನ್ನು 'ಮೆಂಟರ್', ಅಂದರೆ ಮಾರ್ಗದರ್ಶಿ, ಮಾಡಿದರು; ರುಕ್ಮಿಣಿ ಉಳಿದುಕೊಂಡದ್ದೂ ನಮ್ಮ ಮನೆಯಲ್ಲೇ. ಜೆಬೆಲ್ ಅಲಿ ಬಂದರಿನ ಕ್ಲಿಯರಿಂಗ್ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಹಡಗಿನ ಸರಕಿನ ಕಾಗದಪತ್ರ ನೋಡುವವಳು ನಾನು. ವ್ಯಾಪಾರದ ಬಗ್ಗೆ ಇವಳಿಗೆ ಗೊತ್ತಿರುತ್ತದೆ ಎಂದು ಅವರು ನಂಬಿದರು. ನಾನೂ ನಂಬಿದೆ.

ನಂಬಿಕೆ ಇಳಿದದ್ದು ಗುರುವಾರ.

ಆಫೀಸಿನಲ್ಲಿ ಬೆಳಗಿನ ಚಹಾ ಕುಡಿಯುತ್ತಿದ್ದೆ. ರುಕ್ಮಿಣಿಯ ಎಣ್ಣೆಯ ಪೆಟ್ಟಿಗೆಗಳು ಹಡಗಿನಲ್ಲಿ ಬಂದು ಇಳಿದಿದ್ದವು. ಭಾನುವಾರದ ಕಾರ್ಯಕ್ರಮಕ್ಕೆ ಬಿಡಿಸಿಕೊಳ್ಳಬೇಕು. ಕಾಗದ ನೋಡಿದ ಪಾಕಿಸ್ತಾನಿ ಸಹೋದ್ಯೋಗಿ ಫೈಲನ್ನು ನನ್ನ ಮೇಜಿನ ಮೇಲೆ ಇಟ್ಟು, "ರಿಜಿಸ್ಟ್ರೇಷನ್ ಮಾಫಿ," ಎಂದ. ಮಾಫಿ ಅಂದರೆ ಇಲ್ಲ.

ಇಲ್ಲಿ ತಲೆಗೋ ಮೈಗೋ ಹಚ್ಚುವ ಯಾವ ವಸ್ತುವೂ ನೋಂದಣಿಯಾಗದೆ ಮಾರಾಟಕ್ಕೆ ಬರುವಂತಿಲ್ಲ. ಸ್ಯಾಂಪಲ್ ಪರೀಕ್ಷೆಯಾಗಬೇಕು, ಲೇಬಲ್ ಒಪ್ಪಿಗೆಯಾಗಬೇಕು. ಅರ್ಜಿ ಹಾಕಲು ಇಲ್ಲಿ ಲೈಸೆನ್ಸ್ ಇರುವ ಕಂಪನಿಯೇ ಬೇಕು. ಇದೆಲ್ಲ ನನಗೆ ಗೊತ್ತಿರದ ವಿಷಯವೇ? ಬೇರೆಯವರ ಶಾಂಪೂ, ಸೋಪು, ಅತ್ತರುಗಳಿಗೆ ದಿನವೂ ಮಾಡುವ ಕೆಲಸ. 'ಪ್ರದರ್ಶನಕ್ಕೆ ತಾನೇ, ಸ್ಯಾಂಪಲ್ ಅಂತ ಬಿಡಿಸಿದರಾಯಿತು' ಎಂದು ಉಡಾಫೆ ಮಾಡಿದ್ದೆ. ಎರಡು ವಾರ ಸ್ಲೈಡ್‌ಗಳಿಗೆ ಬಣ್ಣ ಹಚ್ಚುತ್ತಾ ಕೂತಿದ್ದ ನಾನು, ನನಗೆ ಬರುವ ಒಂದೇ ಒಂದು ಕೆಲಸವನ್ನು ಮಾಡಿರಲಿಲ್ಲ.

ಸಂಜೆ ಮನೆಗೆ ಬಂದು ಹೇಳಿದೆ. ಚಪ್ಪಲಿ ಬಿಚ್ಚುವ ಮೊದಲೇ ಹೇಳಿದೆ, ಇಲ್ಲದಿದ್ದರೆ ಬಾಯಿ ಬರುತ್ತಿರಲಿಲ್ಲ. "ತಪ್ಪು ನನ್ನದು ರುಕ್ಮಿಣಿ. ಭಾನುವಾರಕ್ಕೆ ಎಣ್ಣೆ ಸಿಗೋಲ್ಲ."

ಅವರು ಕಿಟಕಿಯಾಚೆ ಶಾರ್ಜಾ ಕಡೆಗೆ ಹೋಗುವ ಕಾರುಗಳ ಸಾಲು ನೋಡುತ್ತಾ ನಿಂತರು. ಆ ಪೆಟ್ಟಿಗೆಗಳಲ್ಲಿ ಅವರೊಬ್ಬರ ಎಣ್ಣೆಯಷ್ಟೇ ಇರಲಿಲ್ಲ. ಕಾಲೊನಿಯ ಹದಿನಾಲ್ಕು ಹೆಂಗಸರು ತಿಂಗಳುಗಟ್ಟಲೆ ಬೇರು, ಸೊಪ್ಪು ಆರಿಸಿ ಕಾಯಿಸಿದ್ದು ಅದು.

"ಎಣ್ಣೆ ಕೆಡಲ್ಲ ಕಣಕ್ಕ," ಎಂದರು ಕೊನೆಗೆ. "ನೀವು ಮನಸ್ಸು ಕೆಡಿಸ್ಕೋಬೇಡಿ. ದಾರಿ ಹುಡುಕಿ."

ಮೂರು ದಿನದಿಂದ ಮೇಡಂ ಆಗಿದ್ದವಳು ಅಂದು ಅಕ್ಕ ಆದೆ. ಕೆಲಸ ಕೆಡಿಸಿದ ಮೇಲೆ ಬಡ್ತಿ ಸಿಕ್ಕಿದ್ದು ಜೀವನದಲ್ಲಿ ಅದೊಂದೇ ಸಲ.

ದಾರಿ ಹುಡುಕಿಕೊಂಡು ಹೋದದ್ದು ಶೇಖರಣ್ಣನ ಬಳಿಗೆ. ಉಡುಪಿ ಕಡೆಯವರು, ಬಳಗದ ಹಿರಿಯರು. ದುಬೈ, ಶಾರ್ಜಾಗಳಲ್ಲಿ ಸೌಂದರ್ಯ ಸಾಮಗ್ರಿಗಳ ಅಂಗಡಿಗಳಿವೆ, ಆಮದು ಲೈಸೆನ್ಸೂ ಇದೆ. ಶುಕ್ರವಾರ ಸಂಜೆ ರುಕ್ಮಿಣಿಯನ್ನು ಕರೆದುಕೊಂಡು ಅವರ ಅಂಗಡಿಗೆ ಹೋದೆ. ರುಕ್ಮಿಣಿಯ ಬ್ಯಾಗಿನಲ್ಲಿ ತಮ್ಮ ತಲೆಗೆಂದು ತಂದಿದ್ದ ಒಂದು ಬಾಟಲಿ ಇತ್ತು. ಶೇಖರಣ್ಣ ಅದನ್ನು ಮೂಸಿದರು, ಅಂಗೈಗೆ ಹಾಕಿಕೊಂಡು ಉಜ್ಜಿದರು.

"ಮಾಲು ಒಳ್ಳೇದುಂಟು," ಎಂದರು. "ನೋಡಿ ಅಮ್ಮ, ನಾನು ಎಲ್ಲ ತಕ್ಕೊಳ್ತೇನೆ. ಈ ಸಲದ್ದು ಮಾತ್ರ ಅಲ್ಲ, ಮುಂದಿನದ್ದೂ. ರಿಜಿಸ್ಟ್ರೇಷನ್ ನಮ್ಮದು, ಲೇಬಲ್ ನಮ್ಮದು, ಅಂಗಡಿ ನಮ್ಮದು. ನಿಮಗೆ ಎಂತ ತಲೆಬಿಸಿಯೂ ಇಲ್ಲ."

ನನಗೆ ಕುರ್ಚಿಯಿಂದ ಎದ್ದು ಅವರ ಕೈ ಕುಲುಕುವಷ್ಟು ಖುಷಿ. ರುಕ್ಮಿಣಿ ಮಾತ್ರ ಕೇಳಿದರು, "ಲೇಬಲ್ ಮೇಲೆ ಏನು ಬರೀತೀರಣ್ಣ?"

"ಏನಾದರೂ ಚಂದದ ಹೆಸರು. 'ಟ್ರೈಬಲ್ ಸೀಕ್ರೆಟ್' ಅಂತ ಇಡುವ. ತಲೆಗೆ ಗರಿ ಸಿಕ್ಕಿಸಿದ ಹುಡುಗಿಯ ಚಿತ್ರ ಹಾಕುವ."

"ನಮ್ಮಲ್ಲಿ ಯಾರೂ ಗರಿ ಮುಡಿಯಲ್ಲ."

"ಅದು ಮಾರ್ಕೆಟಿಂಗ್ ಅಮ್ಮ."

"ಮಾಡಿದೋರು ಯಾರು ಅಂತ ಬರೀತೀರಾ?"

"ಅದನ್ನು ಯಾರು ಓದ್ತಾರೆ ಹೇಳಿ?"

ರುಕ್ಮಿಣಿ ಬಾಟಲಿಗೆ ಮುಚ್ಚಳ ತಿರುಗಿಸಿ ಬ್ಯಾಗಿಗೆ ಹಾಕಿಕೊಂಡರು. "ಬೇಡ ಬಿಡಿ ಅಣ್ಣ. ಬೆಂಗಳೂರಲ್ಲಿ ಒಬ್ರಿಗೆ ಹಿಂಗೇ ಕೊಟ್ವಿ. ಬಾಟ್ಲಿ ಮೇಲೆ 'ಹಕ್ಕಿಪಿಕ್ಕಿ ಎಣ್ಣೆ' ಅಂತಿತ್ತು, ಮಾಡಿದೋರ ಹೆಸರಿರ್ಲಿಲ್ಲ. ಮೊದಲ ವರ್ಷ ಒಳಗೆ ನಮ್ಮ ಎಣ್ಣೆ. ಎರಡನೇ ವರ್ಷ ಬಾಟ್ಲಿ ಅದೇ, ಎಣ್ಣೆ ಬೇರೆ. ತಲೆ ಕೆರ್ಕೊಂಡು ಬಂದು ಜನ ಬೈದಿದ್ದು ನಮ್ಮನ್ನ."

"ನಾನು ಅಂಥವನಲ್ಲ ಅಮ್ಮ."

"ನೀವಲ್ಲ ಅಣ್ಣ, ಗೊತ್ತು. ನಾಳೆ ನಿಮ್ಮ ಅಂಗಡಿ ಇನ್ಯಾರೋ ತಕ್ಕೊಂಡ್ರೆ? ಅವ್ರಿಗೆ ನಮ್ಮ ಪರಿಚಯ ಇರಲ್ವಲ್ಲ."

ಕಾರಿನಲ್ಲಿ ಮರಳುವಾಗ, ನಿಜ ಹೇಳಬೇಕೆಂದರೆ, ನನಗೆ ಸಿಟ್ಟು ಬಂದಿತ್ತು. ಕೈಗೆ ಬಂದದ್ದನ್ನು ಒದ್ದು ಬಂದರಲ್ಲ, ಇವರಿಗೆ ನೆರವಾಗುವುದು ಹೇಗೆ ಎಂದು ಮನಸ್ಸಿನಲ್ಲೇ ಗೊಣಗುತ್ತಿದ್ದೆ. ಸಿಗ್ನಲ್‌ನಲ್ಲಿ ನಿಂತಾಗ ರುಕ್ಮಿಣಿಯೇ ಕೇಳಿದರು, "ಅಕ್ಕ, ನೀವು ಪೇಪರಿಗೆ ಬರೀತೀರಲ್ಲ, ಅದರ ಮೇಲೆ ನಿಮ್ಮ ಹೆಸರು ಇರುತ್ತಾ?"

ಇರುತ್ತದೆ ಎಂದೆ.

"ಹೆಸರು ಹಾಕಲ್ಲ, ದುಡ್ಡು ಮಾತ್ರ ಕೊಡ್ತೀವಿ ಅಂದ್ರೆ ಬರೀತೀರಾ?"

ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ. ಸದ್ಯ ಎಂದುಕೊಂಡು ಕಾರು ಮುಂದೆ ಬಿಟ್ಟೆ.

ಭಾನುವಾರ ಬಂತು. ಕಾರ್ಯಕ್ರಮ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ಹಾಲ್‌ನಲ್ಲಿ. ಒಂದೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದರೆ ನಮಗಿಂತ ಮೊದಲೇ ಒಂದು ಬ್ಯಾನರ್ ಬಂದು ನಿಂತಿತ್ತು: 'ನಮ್ಮ ಬಡ ಬುಡಕಟ್ಟು ಸೋದರಿಗೆ ನೆರವಾಗಿ.' ಅದರ ಕೆಳಗೆ ಖಾಲಿ ಮೇಜು.

ರುಕ್ಮಿಣಿ ಓದಿದರು. ಬಿಡಿಸಿ ಬಿಡಿಸಿ ಓದಿದರು. "ಇದನ್ನ ಇಳಿಸೋಣ ಅಕ್ಕ. ನಾನು ಕೇಳೋಕೆ ಬಂದಿಲ್ಲ, ಮಾರೋಕೆ ಬಂದಿರೋದು."

ಮಾರಲು ಏನಿದೆ? ಕೇಳಲಿಲ್ಲ. ಬ್ಯಾನರ್ ಇಳಿಸಿದೆ. ಕಮಿಟಿಯವರೊಬ್ಬರು ಮುಖ ಗಂಟಿಕ್ಕಿಕೊಂಡರು. ಇಕ್ಕಿಕೊಳ್ಳಲಿ ಎಂದು ಬಿಟ್ಟೆ.

ರುಕ್ಮಿಣಿ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರುಬದುರು ಹಾಕಿದರು. ಒಂದರಲ್ಲಿ ಕೂತರು. ಇನ್ನೊಂದು ಖಾಲಿ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರನ್ನು ನೋಡಿ, "ಕೂದಲು ತುಂಬಾ ಉದುರ್ತಾ ಇದೆಯಲ್ವಾ?" ಎಂದರು, ಅಷ್ಟೇ.

ಗಲ್ಫಿನಲ್ಲಿ ಇರುವವರಿಗೆ ಬೇರೆ ಹೇಳಬೇಕೇ? ಇಲ್ಲಿ ಇಬ್ಬರು ಹೆಂಗಸರು ಭೇಟಿಯಾದರೆ ಮೊದಲು ಬಾಡಿಗೆಯ ಮಾತು, ಎರಡನೆಯದು ಕೂದಲಿನ ಮಾತು. ನೀರು ಸರಿಯಿಲ್ಲ, ಎಸಿ ಸರಿಯಿಲ್ಲ, ಸ್ನಾನದ ಮನೆಯ ಜಾಲರಿಯಲ್ಲಿ ದಿನಾ ಒಂದು ಹಿಡಿ. ಗಂಡಸರದ್ದೂ ಅದೇ ಗೋಳು, ಹೇಳಿಕೊಳ್ಳುವುದಿಲ್ಲ. ಆ ಹೆಂಗಸು ಗಕ್ಕನೆ ನಿಂತರು. ಕೂತರು. ರುಕ್ಮಿಣಿ ಅವರ ಬೈತಲೆ ಬಿಡಿಸಿ, ಬುಡ ನೋಡಿ, ಏನು ಊಟ, ಎಷ್ಟು ನಿದ್ದೆ, ಹೆರಿಗೆಯಾಗಿ ಎಷ್ಟು ದಿನ ಎಂದೆಲ್ಲ ವಿಚಾರಿಸಿದರು. ಎಣ್ಣೆ ಇನ್ನೂ ಬಂದಿಲ್ಲ, ಬಂದಾಗ ಹೇಳಿ ಕಳಿಸುತ್ತೇವೆ ಎಂದರು. ನನ್ನ ಮಗಳು ಅವರ ಹೆಸರು, ಫೋನ್ ನಂಬರು ಬರೆದುಕೊಂಡಳು.

ಮೂರನೆಯವರೋ ನಾಲ್ಕನೆಯವರೋ ಐರಿನ್. ಮಂಗಳೂರಿನವರು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಕೂರದೆ ನಿಂತೇ ಸವಾಲು ಹಾಕಿದರು. "ಎಣ್ಣೆ ಹಚ್ಚಿದರೆ ಕೂದಲು ಬರ್ತದಾ? ಒಂದು ತಿಂಗಳಲ್ಲಿ ಬರ್ತದೆ ಅಂತ ಎಲ್ಲ ಕಡೆ ಬರೀತಾರಲ್ಲ?"

ಹಾಗೆಂದು ನಮ್ಮ ಪೆಟ್ಟಿಗೆಯ ಬಾಟಲಿಗಳ ಮೇಲೂ ಬರೆದಿದೆ.

"ನಮ್ಮ ಬಾಟ್ಲಿ ಮೇಲೂ ಐತೆ," ಎಂದರು ರುಕ್ಮಿಣಿ. ಮುಚ್ಚಿಡಲಿಲ್ಲ. "ಪ್ರಿಂಟ್ ಮಾಡೋನು ಹಾಕ್ಬಿಟ್ಟ, ಎಲ್ರೂ ಹಾಕಿಸ್ತಾರೆ ಅಂತ ನಾವೂ ಸುಮ್ನಿದ್ವಿ. ತಪ್ಪು ಅದು. ತೆಗೀತೀವಿ. ನಿಮ್ಮ ಕಣ್ಣು ಕೆಳಗೆ ಎಳೀರಿ ನೋಡೋಣ."

ಐರಿನ್ ಎಳೆದು ತೋರಿಸಿದರು.

"ನಿಮ್ಮದು ಎಣ್ಣೇಲಿ ಹೋಗೋದಲ್ಲಮ್ಮ. ಬಿಳಿಚ್ಕೊಂಡಿದೀರ. ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ ಮೊದಲು. ಹೆಸರು ಬರೆಸಬೇಡಿ."

ಐರಿನ್ ನಕ್ಕರು. "ದಿನಾ ಬೇರೆಯವರ ರಕ್ತ ತೆಗೀತೇನೆ. ನನ್ನದು ನೋಡಿ ಎರಡು ವರ್ಷ ಆಯ್ತು." ಹೋಗುವಾಗ ತಮ್ಮ ಮೂವರು ಗೆಳತಿಯರನ್ನು ಕಳಿಸಿದರು. ಸರಕು ಕೊಳ್ಳಬೇಡ ಎಂದು ವಾಪಸು ಕಳಿಸುವ ವ್ಯಾಪಾರಿಯನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಮಧ್ಯಾಹ್ನದ ಹೊತ್ತಿಗೆ ಖಾಲಿ ಮೇಜಿನ ಮುಂದೆ ಸಾಲು. ಪಕ್ಕದ ಸ್ಟಾಲ್‌ನಲ್ಲಿ ನೀರುದೋಸೆಗೂ ಅಷ್ಟು ಜನ ಇರಲಿಲ್ಲ. ಮಗಳ ನೋಟ್‌ಬುಕ್ ಮುಗಿದು ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ ಬರೆಯತೊಡಗಿದಳು. "ಆಂಟಿ, ನೆಕ್ಸ್ಟ್ ಯಾರು?" ಎಂದು ಕನ್ನಡದಲ್ಲೇ ಕೇಳುತ್ತಿದ್ದಳು. (ಹದಿನಾಲ್ಕು ವರ್ಷದಲ್ಲಿ ನನ್ನಿಂದ ಆಗದ್ದು.)

ಇದನ್ನೆಲ್ಲ ಇನ್ನೊಬ್ಬರೂ ನೋಡುತ್ತಿದ್ದರು. ಕಾಫಿ ಲೋಟ ಹಿಡಿದು ಕಂಬಕ್ಕೆ ಒರಗಿ ನಿಂತಿದ್ದ ಶೇಖರಣ್ಣ. ಮೂವತ್ತು ವರ್ಷ ಅಂಗಡಿ ನಡೆಸಿದ ಮನುಷ್ಯ. ಜನ ಯಾಕೆ ಸಾಲು ನಿಂತಿದ್ದಾರೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಟಲಿ ಇಲ್ಲ, ಲೇಬಲ್ ಇಲ್ಲ, ಗರಿ ಸಿಕ್ಕಿಸಿದ ಹುಡುಗಿ ಇಲ್ಲ. ಇರುವುದು ಈ ಹೆಂಗಸು ಮಾತ್ರ.

ಸಾಲು ಕರಗಿದ ಮೇಲೆ ಅವರೇ ಬಂದು ಖಾಲಿ ಕುರ್ಚಿಯಲ್ಲಿ ಕೂತರು. "ಈಗ ಹೇಳಿ ಅಮ್ಮ. ನಿಮ್ಮ ಕಂಡೀಷನ್ ಎಂತದ್ದು?"

ರುಕ್ಮಿಣಿ ಯೋಚಿಸಿಯೇ ಇಟ್ಟುಕೊಂಡಿದ್ದರು. "ಬಾಟ್ಲಿ ಮುಂದ್ಗಡೆ ನಮ್ಮ ಸಂಘದ ಹೆಸರು, ಊರಿನ ಹೆಸರು. ಗರಿ ಬೇಡ. ತಿಂಗಳಲ್ಲಿ ಕೂದಲು ಬರುತ್ತೆ ಅನ್ನೋದು ಬೇಡ. ಇನ್ನು ಬೇರೆಯೋರಿಗೂ ನಾವು ಮಾರ್ತೀವಿ, ನೀವು ಬೇಡ ಅನ್ನಂಗಿಲ್ಲ."

"ಕಡೇದು ಆಗ್ಲಿಕ್ಕಿಲ್ಲ. ಖರ್ಚು ಮಾಡಿ ರಿಜಿಸ್ಟ್ರೇಷನ್ ಮಾಡಿಸುವವ ನಾನು. ದುಬೈ, ಶಾರ್ಜಾ, ಅಬುಧಾಬಿ ಮೂರೂ ಒಂದು ವರ್ಷ ನನಗೆ ಮಾತ್ರ."

"ದುಬೈ, ಶಾರ್ಜಾ ತಕ್ಕೊಳ್ಳಿ. ಅಬುಧಾಬಿ ನನಗಿರ್ಲಿ."

"ಅಬುಧಾಬಿಯಲ್ಲಿ ನಿಮಗೆ ಯಾರಿದ್ದಾರೆ?"

ರುಕ್ಮಿಣಿ ನನ್ನ ಮಗಳ ಕೈಯಲ್ಲಿದ್ದ ಕಾಗದಗಳನ್ನು ತೋರಿಸಿದರು. "ಇಷ್ಟು ಜನ."

ಶೇಖರಣ್ಣ ಗಟ್ಟಿಯಾಗಿ ನಕ್ಕುಬಿಟ್ಟರು. "ಖಲಾಸ್. ಒಪ್ಪಿದೆ. ನೀವು ನನ್ನ ಅಂಗಡಿಯಲ್ಲಿ ಕೂತ್ರೆ ನಾನು ಮನೆಗೆ ಹೋಗಿ ಮಲಗಬಹುದಿತ್ತು ಮಾರಾಯ್ತಿ."

ಸೋಮವಾರ ನನ್ನ ಸರದಿ. ಬಾಸ್ ಬಳಿ ಹೋಗಿ ತಪ್ಪೊಪ್ಪಿಕೊಂಡೆ, ಪೆಟ್ಟಿಗೆಗಳನ್ನು ಫ್ರೀ ಝೋನ್‌ನ, ಅಂದರೆ ಸುಂಕ ತಾಗದ ವಲಯದ, ನಮ್ಮ ಗೋದಾಮಿನಲ್ಲಿ ಇಡಲು ಜಾಗ ಕೇಳಿದೆ. ಅಲ್ಲಿದ್ದರೆ ನೋಂದಣಿಯಾಗುವವರೆಗೆ ಕಾಯಬಹುದು, ಹೊಸ ಲೇಬಲ್ ಕೂಡ ಅಲ್ಲೇ ಅಂಟಿಸಬಹುದು. ಅವರು ಸ್ವಲ್ಪ ಬೈದು ಕೊಟ್ಟರು.

ಆಮೇಲೆ ಅರ್ಜಿ. ಅದರಲ್ಲಿ ಆಮದುದಾರರ ಹೆಸರಿಗೆ ಒಂದು ಕಾಲಂ, ತಯಾರಕರ ಹೆಸರಿಗೆ ಇನ್ನೊಂದು, ಬ್ರ್ಯಾಂಡ್ ಯಾರದು ಎನ್ನುವುದಕ್ಕೆ ಮತ್ತೊಂದು. ಸಣ್ಣವರ ಸರಕು ಬಂದಾಗ ಆ ಮೂರರಲ್ಲೂ ಒಂದೇ ದೊಡ್ಡ ಹೆಸರು ತುಂಬುವುದನ್ನು ಎಷ್ಟೋ ಸಲ ನೋಡಿದ್ದೇನೆ. ತುಂಬಿದ್ದೇನೆ ಕೂಡ. ಮೋಸವೇನಲ್ಲ, ಕೇಳುವವರಿಲ್ಲ, ಅಷ್ಟೇ. ಅಂದು ಮೊದಲ ಕಾಲಂನಲ್ಲಿ ಶೇಖರಣ್ಣನ ಕಂಪನಿಯ ಹೆಸರು ಟೈಪ್ ಮಾಡಿದೆ. ಉಳಿದ ಎರಡರಲ್ಲಿ ಹುಣಸೂರು ತಾಲ್ಲೂಕಿನ ಹದಿನಾಲ್ಕು ಹೆಂಗಸರ ಸಂಘದ ಹೆಸರು. ಪಕ್ಕದಲ್ಲಿ ಕೂತಿದ್ದ ರುಕ್ಮಿಣಿ, "ಅದರಲ್ಲಿ ನಮ್ಮೂರು ಯಾವುದು ತೋರ್ಸಿ," ಎಂದರು. ತೋರಿಸಿದೆ. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೇಳಿ ತಿಳಿದುಕೊಂಡರು. ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು.

ಹತ್ತು ನಿಮಿಷದ ಕೆಲಸ. ನಾನು ಅವರಿಗೆ ಮಾಡಿದ ಸಹಾಯ ಅಷ್ಟೇ. ಆದರೆ ಅವರಿಗೆ ಬೇಕಾಗಿದ್ದೂ ಅಷ್ಟೇ.

ಬುಡಕಟ್ಟು ಜನರ ಉದ್ಯಮಕ್ಕೆ ಬೆಂಬಲ ಎಂದರೆ ನಮಗೆ ತಕ್ಷಣ ನೆನಪಾಗುವುದು ತರಬೇತಿ. ಅವರಿಗೆ ಗೊತ್ತಿಲ್ಲ, ನಾವು ಕಲಿಸಬೇಕು. ನನ್ನ ಕಣ್ಣೆದುರಿಗೆ ನಡೆದದ್ದು ಬೇರೆ. ಸರಕು ಮಾಡಲು ಅವರಿಗೆ ಬರುತ್ತದೆ, ಗಿರಾಕಿಯನ್ನು ಗೆಲ್ಲಲು ಬರುತ್ತದೆ, ಚೌಕಾಸಿಯಲ್ಲಂತೂ ನಾವು ಅವರ ಹತ್ತಿರ ಹೋಗಲಾರೆವು. ಅಡ್ಡ ನಿಂತಿರುವುದು ಒಂದು ಅರ್ಜಿ, ಒಂದು ಲೈಸೆನ್ಸು, ಅವರಿಗೆ ಓದಲು ಬಾರದ ಭಾಷೆಯಲ್ಲಿರುವ ಒಂದು ಕಾಲಂ. ಅದರ ಬೀಗದ ಕೈ ನಮ್ಮಂಥ ಆಫೀಸು ಜನರ ಡ್ರಾಯರಿನಲ್ಲಿದೆ. ಅದನ್ನು ತೆಗೆದು ಕೊಡುವುದು ಬಿಟ್ಟು ಭಾಷಣ ಕೊಡುತ್ತೇವೆ. ಭಾಷಣ ಕೊಡುವುದು ಸುಲಭ, ಫೋಟೋನೂ ಚೆನ್ನಾಗಿ ಬರುತ್ತದೆ.

ರುಕ್ಮಿಣಿ ಊರಿಗೆ ಮರಳಿದರು. ಒಂದಷ್ಟು ವಾರ ಹಿಡಿಯಿತು. ಪರೀಕ್ಷೆಯಲ್ಲಿ ಎಣ್ಣೆ ಪಾಸಾಯಿತು, ಲೇಬಲ್‌ನಲ್ಲಿ ಒಂದು ಸಣ್ಣ ತಿದ್ದುಪಡಿ ಹೇಳಿದರು, ಮಾಡಿದೆವು. ಕಳೆದ ವಾರ ನೋಂದಣಿ ಪತ್ರ ಬಂತು. ಗೋದಾಮಿನಿಂದ ಪೆಟ್ಟಿಗೆಗಳು ಹೊರಟವು, ಮಗಳು ಅಬುಧಾಬಿಯ ಪಟ್ಟಿಯವರಿಗೆಲ್ಲ ಹೇಳಿ ಕಳಿಸಿದಳು. ಶೇಖರಣ್ಣನ ಅಂಗಡಿಯ ಶೆಲ್ಫಿನಲ್ಲಿ ಬಾಟಲಿಗಳ ಫೋಟೋ ತೆಗೆದು ರುಕ್ಮಿಣಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವರ ಫೋನ್. ಹಿಂದಿನಿಂದ ಹೆಂಗಸರ ಗಲಾಟೆ, ನಗು. ಫೋಟೋವನ್ನು ದೊಡ್ಡದು ಮಾಡಿ ಎಲ್ಲರೂ ತಮ್ಮೂರಿನ ಹೆಸರು ಓದುತ್ತಿದ್ದರಂತೆ. ಓದಲು ಬಾರದವರಿಗೆ ಬರುವವರು ಓದಿ ಹೇಳುತ್ತಿದ್ದರಂತೆ.

ನಾನು ಸ್ವಲ್ಪ ಭಾವುಕಳಾಗಲು ತಯಾರಿ ನಡೆಸಿದ್ದೆ. ಅವರಿಗೆ ಅದಕ್ಕೆ ಪುರುಸೊತ್ತಿರಲಿಲ್ಲ.

"ಅಕ್ಕ, ಮಸ್ಕತ್‌ನಲ್ಲೂ ಕೂದಲು ಉದುರುತ್ತಂತೆ," ಎಂದರು. "ಅಲ್ಲಿ ನಿಮಗೆ ಯಾರಾದ್ರೂ ಗೊತ್ತಾ?"

ಮಸ್ಕತ್‌ನಲ್ಲಿ ಈ ಅಂಕಣ ಓದುತ್ತಿರುವವರೇ, ನಿಮ್ಮಲ್ಲಿ ಯಾರಿಗೆ ಅರ್ಜಿ ತುಂಬಲು ಬರುತ್ತದೆ?